ಪಟ್ಟಿಯಲ್ಲಿಲ್ಲದ ನಲವತ್ತು ನಿಮಿಷ

ಯೋಜಕಕ್ಕೆ ಮೂವತ್ತೆಂಟು ಕೆಲಸಗಳು ಗೊತ್ತಿದ್ದವು. ಹಾಕುವುದು, ಕಲಕುವುದು, ಬಿಸಿ ಮಾಡುವುದು, ತಣಿಸುವುದು, ಸೋಸುವುದು, ತೊಳೆಯುವುದು, ಬಟ್ಟಿ ಇಳಿಸುವುದು, ಒಣಗಿಸುವುದು, ಮಾದರಿ ತೆಗೆಯುವುದು, ಹೀಗೆ. ಎಂಥ ಸಿಕ್ಕುಸಿಕ್ಕಾದ ಅಣುವನ್ನಾದರೂ ಈ ಮೂವತ್ತೆಂಟನ್ನು ಒಂದರ ಹಿಂದೊಂದು ಜೋಡಿಸಿ ತಯಾರಿಸಬಹುದು ಎಂಬುದು ಆ ತಂತ್ರಾಂಶ ಬರೆದವರ ನಂಬಿಕೆ. ಅದು ಬಹುಮಟ್ಟಿಗೆ ನಿಜವೂ ಆಗಿತ್ತು. ಮೊದಲು ಒಂದು ಔಷಧದ ತಯಾರಿಕಾ ಕ್ರಮ ಸಿದ್ಧವಾಗಲು ಮೂರು ತಿಂಗಳು ಹಿಡಿಯುತ್ತಿತ್ತು. ಯೋಜಕ ಅದನ್ನು ಒಂಬತ್ತು ನಿಮಿಷದಲ್ಲಿ ಬರೆದು, ಕಾರ್ಖಾನೆಯ ವಾಲ್ವುಗಳಿಗೆ ತಾನೇ ಒಪ್ಪಿಸಿ, ತಾನೇ ನಡೆಸುತ್ತಿತ್ತು. ಹೊಸ ನಿಯಮ ಬಂದ ಮೇಲಂತೂ ಪಟ್ಟಿಯಲ್ಲಿಲ್ಲದ ಯಾವ ಕೆಲಸವನ್ನೂ ಪ್ಲಾಂಟಿನಲ್ಲಿ ಯಾರೂ ಮಾಡುವಂತಿರಲಿಲ್ಲ.

ಬೀದರಿನ ಹೊರವಲಯದ ಸಪ್ತಕಾಂತಿ ಫೈನ್ ಕೆಮ್‌ನಲ್ಲಿ ಈ ಯೋಜಕಕ್ಕೆ ಪಾಠ ಕಲಿಸಿದವಳು ಶೀಲವಂತಿ. ನಲವತ್ತನಾಲ್ಕು ವರ್ಷದ ಆಕೆ ದಾಖಲೆ ವಿಭಾಗದ ಹಿರಿಯ ಕೆಮಿಸ್ಟ್. ನಾಲ್ಕು ವರ್ಷದ ಹಿಂದೆ ಕಂಪನಿ ಆಕೆಯ ಮುಂದೆ ಹನ್ನೊಂದು ವರ್ಷಗಳ ಬ್ಯಾಚ್ ಪುಸ್ತಕಗಳನ್ನು ತಂದಿಟ್ಟಿತು. ಒಟ್ಟು ಆರು ಸಾವಿರದ ಇನ್ನೂರ ನಲವತ್ತು ಬ್ಯಾಚ್, ಎಲ್ಲವೂ ಆಪರೇಟರುಗಳ ಕೈಬರಹ. ಪ್ರತಿ ಸಾಲನ್ನೂ ಓದಿ, ಅದು ಮೂವತ್ತೆಂಟರಲ್ಲಿ ಯಾವ ಕೆಲಸವೆಂದು ಗುರುತಿಸಿ, ಶುರುವಾದ ಹೊತ್ತು, ಮುಗಿದ ಹೊತ್ತು, ತೂಕ, ಉಷ್ಣತೆ ಸಮೇತ ದಾಖಲಿಸಬೇಕು. ಹದಿನಾಲ್ಕು ತಿಂಗಳು ಕೂತು ಮುಗಿಸಿದಳು. ಪ್ರತಿ ಸಾಲಿನ ತುದಿಗೂ ಯೋಜಕ ಅವಳ ಹೆಸರನ್ನು 'ಮೂಲ ದಾಖಲುಗಾರರು' ಎಂದು ಅಂಟಿಸಿತ್ತು. ಆ ಸಾಲುಗಳನ್ನು ಈಗ ಹದಿಮೂರು ಕಾರ್ಖಾನೆಗಳು ಬಳಸುತ್ತಿದ್ದವು.

ಆ ಮಂಗಳವಾರ ಬೆಳಿಗ್ಗೆ ಅವಳೂ ಗಂಡ ಝರೆಪ್ಪನೂ ಒಂದೇ ಸ್ಕೂಟರಿನಲ್ಲಿ ಹೊರಟರು. ಝರೆಪ್ಪ ಪ್ಲಾಂಟ್ ಎರಡರ ಫೀಲ್ಡ್ ಆಪರೇಟರ್. ಹೊಸ ರಿಯಾಕ್ಟರ್ ಶುರುವಾಗುವ ವಾರವಾದ್ದರಿಂದ ಅವನಿಗೆ ಹಗಲಿನ ಜನರಲ್ ಶಿಫ್ಟ್ ಹಾಕಿದ್ದರು.

"ಆರು ಸಾವಿರ ಲೀಟರಿಂದು," ಎಂದ, ಹಿಂದೆ ಕೂತಿದ್ದವಳಿಗೆ ಕೇಳುವಂತೆ ಕತ್ತು ಓರೆಮಾಡಿ. "ನಿಮ್ಮ ತವರುಮನಿ ಇಡೀ ಅದ್ರಾಗ ಕುಂದ್ರಸಬಹುದು."

"ನನ್ನ ತವರುಮನಿಯವ್ರು ನಿಮ್ಮಂಗ ಸಾಲ್ವೆಂಟ್ ವಾಸನಿ ಹೊಡ್ಯಂಗಿಲ್ಲ. ಮುಂದ ನೋಡಿ ಗಾಡಿ ಹೊಡೀರಿ."

"ಹೊಸಾದು ಅದ ಶೀಲಾ. ಒಳಗ ಕನ್ನಡಿ ಹಂಗ ಹೊಳೀತದ. ನಿನ್ನಿ ನಾನೇ ಇಳದು ನೋಡೀನಿ. ಒಂದು ಹನಿ ಹಳೇ ಮಾಲ್ ಇಲ್ಲ."

ಗೇಟಿನಲ್ಲಿ ಇಬ್ಬರೂ ಮೊಬೈಲುಗಳನ್ನು ಖಾನೆಯಲ್ಲಿಟ್ಟು ಬೀಗ ಹಾಕಿದರು. ಸಾಲ್ವೆಂಟಿನ, ಅಂದರೆ ಬೇಗ ಹೊತ್ತಿಕೊಳ್ಳುವ ದ್ರಾವಕದ, ಆವಿ ಇರುವ ಕಡೆ ಫೋನು ಒಯ್ಯುವಂತಿಲ್ಲ. ಅವನು ಪ್ಲಾಂಟಿನ ಕಡೆಗೂ ಅವಳು ಆಫೀಸಿನ ಕಡೆಗೂ ನಡೆದರು.

ಹನ್ನೊಂದೂವರೆಗೆ ಶೀಲವಂತಿಯ ಪರದೆಯ ಮೇಲೆ ಒಂದು ಕೋರಿಕೆ ಬಂತು. ಮಧ್ಯಾಹ್ನ ಎರಡೂವರೆಗೆ ಹೊಸ ರಿಯಾಕ್ಟರಿನಲ್ಲಿ ಮೊದಲ ಬ್ಯಾಚ್. ಸ್ತನ ಕ್ಯಾನ್ಸರ್ ಮರುಕಳಿಸದಂತೆ ಕೊಡುವ ಮಾತ್ರೆಯೊಂದರ ಮೊದಲ ಹಂತ ಅದು. ರಿಯಾಕ್ಟರಿನಲ್ಲಿ ಸಾಲ್ವೆಂಟ್ ಹಾಗೂ ಮೆಗ್ನೀಸಿಯಂ ತುರಿ, ಅದಕ್ಕೆ ನಿಧಾನವಾಗಿ ಬ್ರೋಮೈಡ್ ಹಾಕಬೇಕು. ಎರಡೂ ಸೇರಿದಾಗ ಬಹಳ ಶಾಖ ಬಿಡುಗಡೆಯಾಗುತ್ತದೆ. ಯೋಜನೆಗೆ ಆಧಾರವಾದ ಹಳೆಯ ಸಾಲುಗಳು ಸರಿಯಿವೆ ಎಂದು ಮೂಲ ದಾಖಲುಗಾರರು ಒಪ್ಪಿಗೆ ಒತ್ತಬೇಕು. ವಾರಕ್ಕೆ ಹತ್ತಾದರೂ ಇಂಥವು ಬರುತ್ತಿದ್ದವು. ನೋಡದೆ ಒತ್ತಿದರೂ ಕೇಳುವವರಿರಲಿಲ್ಲ. ಅವಳು ಒತ್ತಿದಳು. ಒತ್ತಿದ ಮೇಲೆ, ಗಂಡ ನಿಂತಿರುವ ರಿಯಾಕ್ಟರ್ ಎಂಬ ಒಂದೇ ಕಾರಣಕ್ಕೆ, ಹಳೆಯ ಪುಟದ ಚಿತ್ರವನ್ನು ತೆರೆದು ನೋಡಿದಳು.

ಏಳು ವರ್ಷದ ಹಿಂದಿನ ಪುಟ. ಹಳೆಯ ಆಪರೇಟರ್ ಮೌಲಾಸಾಬರ ದುಂಡನೆಯ ಅಕ್ಷರ. 'ಬ್ರೋಮೈಡ್ ಹಾಕಿದ್ದು: 10.40ರಿಂದ 11.55. ಒಟ್ಟು ಹತ್ತು ಕ್ಯಾನು.' ಕೆಳಗೆ ಸಹಿ. ಎಪ್ಪತ್ತೈದು ನಿಮಿಷ, ಒಂದೇ ಸಮನೆ. ಯೋಜಕ ಕಲಿತದ್ದೂ ಅದನ್ನೇ.

ಆದರೆ ಪುಟದ ಬದಿಯಲ್ಲಿ ತೂಕದ ಯಂತ್ರದ ಚೀಟಿಗಳನ್ನು ಅಂಟಿಸಿದ್ದರು. ಪ್ರತಿ ಕ್ಯಾನನ್ನು ತಕ್ಕಡಿಗೆ ಏರಿಸಿದಾಗ ಹೊತ್ತು ಸಮೇತ ಒಂದು ಚೀಟಿ ಬರುತ್ತಿತ್ತು. ಮೊದಲನೇ ಕ್ಯಾನು 10.40. ಎರಡನೆಯದು 11.26. ಉಳಿದ ಎಂಟು ಮೂರು ಮೂರು ನಿಮಿಷಕ್ಕೆ ಒಂದರಂತೆ, ಸರಸರನೆ.

ನಡುವೆ ನಲವತ್ತು ನಿಮಿಷಕ್ಕೂ ಹೆಚ್ಚು ಹೊತ್ತು ಏನೂ ಆಗಿರಲಿಲ್ಲ.

ಅವಳಿಗೆ ಆ ಚೀಟಿಗಳು ನೆನಪಿದ್ದವು. ದಾಖಲಿಸುವಾಗ ಕಂಡಿದ್ದವು. ಕೈಬರಹಕ್ಕೂ ಚೀಟಿಗೂ ತಾಳೆಯಾಗದಿದ್ದರೆ ಸಹಿ ಇರುವ ಕೈಬರಹವೇ ಪ್ರಮಾಣ ಎಂದು ಕಂಪನಿ ಬರೆದುಕೊಟ್ಟಿತ್ತು. ಅಲ್ಲದೆ ಮೂವತ್ತೆಂಟು ಕೆಲಸಗಳಲ್ಲಿ 'ಸುಮ್ಮನಿರುವುದು' ಇರಲಿಲ್ಲ. ಆಗ ಒಂದು ಸಂಜೆ ರೊಟ್ಟಿ ಬಡಿಯುತ್ತ ಝರೆಪ್ಪನನ್ನು ಕೇಳಿದ್ದಳು: ಮೊದಲನೇ ಕ್ಯಾನಿಗೂ ಎರಡನೇದಕ್ಕೂ ಯಾಕಷ್ಟು ತಡ? ಆಗಿನ್ನೂ ಪ್ಲಾಂಟ್ ಒಂದರಲ್ಲಿದ್ದ ಝರೆಪ್ಪ ನಕ್ಕಿದ್ದ. "ಅದಾ? ಮೌಲಾ ಚಾಚಾನ ಚಹಾ. ಇಡೀ ಫ್ಲೋರಿಗೆ ಗೊತ್ತದ. ಒಂದು ಕ್ಯಾನ್ ಹಾಕ್ತಾನ, ಚಹಾಕ್ಕ ಹೋಗ್ತಾನ." ಅವಳೂ ನಕ್ಕಿದ್ದಳು. ಚಹಾವನ್ನು ರಸಾಯನಶಾಸ್ತ್ರ ಎಂದು ದಾಖಲಿಸಲು ಬರುವುದಿಲ್ಲ.

ಈಗ ಇನ್ನೊಂದು ಪುಟ ತೆರೆದಳು. 38 ನಿಮಿಷ. ಇನ್ನೊಂದು, 51. ಮಳೆಗಾಲದ ಒಂದು ಪುಟದಲ್ಲಿ ಒಂದು ಗಂಟೆ ಹತ್ತು ನಿಮಿಷ. ರಂಜಾನ್ ತಿಂಗಳ ಪುಟ ಹುಡುಕಿ ತೆಗೆದಳು. ಉಪವಾಸವಿರುವ ಮನುಷ್ಯ ಹಗಲು ಹನ್ನೊಂದಕ್ಕೆ ಚಹಾ ಕುಡಿಯುವುದಿಲ್ಲ. ಅಲ್ಲಿಯೂ 44 ನಿಮಿಷ ಇತ್ತು.

ಪುಟ ಮುಚ್ಚಿ ಎದ್ದಳು.

ಮೌಲಾಸಾಬರು ನಿವೃತ್ತರಾಗಿ ಎರಡು ವರ್ಷವಾಗಿತ್ತು. ಕಿವಿ ಮಂದ, ಫೋನಿನಲ್ಲಿ ಕೂಗಿದರೂ ಕೇಳಿಸದು. ಊಟದ ಬಿಡುವಿಗೆ ಇನ್ನೂ ಹತ್ತು ನಿಮಿಷವಿತ್ತು. ಗೇಟಿನಲ್ಲಿ ಮೊಬೈಲು ತೆಗೆದುಕೊಂಡು ಸ್ಕೂಟರ್ ಹತ್ತಿದಳು. ಒಂದೂ ಹತ್ತಕ್ಕೆ ಹಳೇ ಊರಿನ ಓಣಿಯಲ್ಲಿ ಅವರ ಮನೆಯ ಮುಂದೆ ಇಳಿದಳು.

ಮೌಲಾಸಾಬರು ಅಂಗಳದ ಬೇವಿನ ನೆರಳಲ್ಲಿ ಮಂಚ ಹಾಕಿಕೊಂಡು ಕೂತಿದ್ದರು. "ಝರೆಪ್ಪನ ಹೇಣ್ತಿ ಬಂದಾಳ," ಎಂದು ಒಳಗಿದ್ದ ಹೆಂಡತಿಗೆ ಕೂಗಿ ಹೇಳಿದರು. "ಬಾ ಬೇಟಿ. ಊಟ ಮಾಡು. ಜೈನಬಿ, ತಾಟ ತಗೊಂಬಾ."

"ಊಟ ಬ್ಯಾಡ ಚಾಚಾ. ಒಂದು ಮಾತು ಕೇಳ್ಲಿಕ್ಕಿ ಬಂದೀನಿ." ಅವರ ಕಿವಿಯ ಹತ್ತಿರ ಬಾಗಿ, ಒಂದೊಂದೇ ಪದವಾಗಿ ಕೇಳಿದಳು. "ಬ್ರೋಮೈಡಿನ ಮೊದಲನೇ ಕ್ಯಾನ್ ಹಾಕಿದ ಮ್ಯಾಗ ನೀವು ಚಹಾಕ್ಕ ಹೋಗ್ತಿದ್ರಿ. ಯಾಕ?"

ಮುದುಕರು ನಕ್ಕರು. "ನಿವೃತ್ತಿ ಆದ ಮ್ಯಾಗ ಮೆಮೋ ಕೊಡ್ಲತ್ತಾರೇನು?"

"ಇಲ್ಲ ಚಾಚಾ. ಖರೇ ಹೇಳ್ರಿ."

"ಅದು ಏಳಬೇಕಲ್ಲವಾ," ಎಂದರು, ಚಿಕ್ಕ ಮಗುವಿಗೆ ಹೇಳುವಂತೆ. "ಮೆಗ್ನೀಸಿಯಂ ಮಲಗಿರ್ತದ. ಮ್ಯಾಲೆ ಒಂದು ಪದರ ಇರ್ತದ ಅದಕ. ಒಂದು ಕ್ಯಾನ್ ಹಾಕಬೇಕು, ಸುಮ್ಮ ಕುಂದರಬೇಕು. ಒಮ್ಮೊಮ್ಮಿ ಅರ್ಧ ತಾಸು. ಹವಾ ಹಸಿ ಇದ್ರ ಒಂದು ತಾಸೂ ಆಗ್ತದ. ಎದ್ದಾಗ ತಾನೇ ಬಿಸಿ ಆಗ್ತದ, ಆವಿ ತಣದು ಕಂಡೆನ್ಸರಿನ ಕಾಜಿನ ಕಿಟಕ್ಯಾಗ ಹನಿ ಓಡ್ತಾವ. ಹನಿ ಓಡಿದ್ದು ನೋಡೇ ಎರಡನೇ ಕ್ಯಾನ್. ಏಳೋಕಿಂತ ಮೊದ್ಲ ಎಲ್ಲಾ ಸುರದಿ ಅಂದ್ರ, ಎದ್ದಾಗ ಎಲ್ಲಾ ಒಮ್ಮಿಗೇ ಏಳ್ತದ."

"ಹಂಗಂದ್ರ ಪುಸ್ತಕದಾಗ ಯಾಕ ಬರೀಲಿಲ್ಲ?"

"ಬರದಿದ್ದೆ, ಮೊದಲ ವರ್ಷ. ಆಡಿಟಿನವ್ರು ಬಂದು ಈ ನಲವತ್ತು ನಿಮಿಷ ಯಾಕ ಖಾಲಿ ಕುಂತ್ರಿ ಅಂತ ಕೇಳಿದ್ರು. ಪ್ರತಿ ಬ್ಯಾಚಿಗೂ ನಾಕು ಪೇಜಿನ ಫಾರಂ ತುಂಬಬೇಕಾತು. ಆಗಿನ ಮ್ಯಾನೇಜರ್ ಸಾಹೇಬ್ರು ಹೇಳಿದ್ರು: ಮೌಲಾ, ನೀ ಮಾಡೋದು ಮಾಡು, ಬರಿಯೋದು ಮಾತ್ರ ಸೀದಾ ಬರಿ. ಮುಗಿಯೋ ಹೊತ್ತು ಸರಿ ಇದ್ರ ಸಾಕು. ಅವತ್ತಿಂದ ಅದಕ ಚಹಾ ಅಂದ್ವಿ."

"ಎರಡು ವರ್ಷದಿಂದ ಯೋಜಕ ತಡ ಮಾಡ್ದೇ ಹಾಕ್ಲತ್ತದ ಚಾಚಾ. ಏನೂ ಆಗಿಲ್ಲ."

"ಹಳೇ ರಿಯಾಕ್ಟರಿನಾಗ?" ಮೌಲಾಸಾಬರು ತಲೆಯಾಡಿಸಿದರು. "ಈಗ ಅದನ್ನ ತೊಳ್ಯಂಗಿಲ್ಲಲ್ಲ. ಒಂದರ ಹಿಂದ ಒಂದು ಬ್ಯಾಚ್. ತಳದಾಗ ಹಿಂದಿನ ಮಾಲ್ ಇರ್ತದ. ಹಾಲಿಗೆ ಹೆಪ್ಪು ಇದ್ದಂಗ. ಹೆಪ್ಪಿದ್ರ ಹಾಕಿದ ಕೂಡ್ಲೇ ಏಳ್ತದ. ಅದ್ರ ಮೊಟ್ಟಮೊದಲ ಬ್ಯಾಚಿಗೆ ನಾನೇ ಇದ್ದೆ. ಆವಾಗ ವಾಲ್ವ್ ಕೈಲೇ ತಿರಗಸೂದು ಇತ್ತು, ನಾ ನನ್ನ ಚಹಾ ಕುಡದೇ ಹಾಕ್ದೆ. ಯಾಕ, ಈಗ ಏನಾತು?"

"ಹೊಸ ರಿಯಾಕ್ಟರ್. ಆರು ಸಾವಿರ ಲೀಟರ್. ತೊಳದು ಒರಸ್ಯಾರ. ಹೆಪ್ಪಿಲ್ಲ."

ಮೌಲಾಸಾಬರ ಮುಖದ ನಗು ಒಮ್ಮೆಲೇ ಹೋಯಿತು. "ಯಾರದ್ದು ಪಾಳಿ?"

"ನಮ್ಮನಿಯವ್ರದು."

ತಾಟು ಹಿಡಿದು ಬಂದ ಜೈನಬಿ ಬಾಗಿಲಲ್ಲೇ ನಿಂತಳು. ಮುದುಕರು ಮಂಚದಿಂದ ಎದ್ದು ಅವಳ ಸ್ಕೂಟರಿನ ಕಡೆ ಕೈ ತೋರಿಸಿದರು. "ಹೋಗು," ಎಂದರು. "ಮಾತಾಡ್ಕೋತ ನಿಂದ್ರಬ್ಯಾಡ."

ಓಣಿಯಲ್ಲೇ ನಿಂತು ಕಂಟ್ರೋಲ್ ರೂಮಿಗೆ ಫೋನು ಹಚ್ಚಿದಳು. ಪ್ಲಾಂಟ್ ಮುಖ್ಯಸ್ಥ ಅನಿರುದ್ಧ ಕುಲಕರ್ಣಿ ತಾವೇ ಎತ್ತಿದರು. ಹೇಳಬೇಕಾದದ್ದನ್ನು ಅವಳು ಅರ್ಧ ಹೇಳುವಷ್ಟರಲ್ಲಿ, "ಮೇಡಂ, ಎರಡೂವರಿಗಿ ಅದ. ನೀವು ಬರ್ರಿ, ಕೂತು ನೋಡೋಣ," ಎಂದರು. ಆಗ ಹೊತ್ತು ಒಂದೂ ಮೂವತ್ತೈದು. ಎರಡೂವರೆಗೆ ಇನ್ನೂ ಐವತ್ತೈದು ನಿಮಿಷವಿದೆ ಎಂದು ಲೆಕ್ಕ ಹಾಕಿ ಅವಳು ಸ್ವಲ್ಪ ಉಸಿರಾಡಿದಳು.

ಯೋಜಕದ ಇನ್ನೊಂದು ಗುಣ ಅವಳಿಗೆ ಆ ಗಾಬರಿಯಲ್ಲಿ ನೆನಪಾಗಲಿಲ್ಲ. ಖಾಲಿ ಹೊತ್ತು ಕಂಡರೆ ಅದು ಮುಂದಿನ ಕೆಲಸವನ್ನು ನಿಗದಿಗಿಂತ ಮೊದಲೇ ಶುರು ಮಾಡಿ ತುಂಬುತ್ತಿತ್ತು. ಸಾಲ್ವೆಂಟ್ ತುಂಬುವ ಕೆಲಸ ಬೇಗ ಮುಗಿದಿತ್ತು.

ಎರಡೂ ಎರಡಕ್ಕೆ ಅವಳು ಕಂಟ್ರೋಲ್ ರೂಮಿನ ಬಾಗಿಲು ತಳ್ಳಿದಾಗ ದೊಡ್ಡ ಪರದೆಯ ಮೇಲೆ ಹೀಗಿತ್ತು: ಬ್ರೋಮೈಡ್ ಹಾಕುವುದು, ಆರಂಭ 1.38. ಹಾಕಿದ್ದು ಶೇಕಡಾ 32. ಒಳಗಿನ ಉಷ್ಣತೆ 38 ಡಿಗ್ರಿ. ಎಲ್ಲ ಚೌಕಗಳೂ ಹಸಿರು.

"ಬರ್ರಿ ಮೇಡಂ," ಎಂದರು ಕುಲಕರ್ಣಿ. "ಯೋಜಕ ತಾನೇ ಮೊದ್ಲೇ ಶುರು ಮಾಡ್ಯದ. ನೋಡ್ರಿ, ಎಷ್ಟ ಚಂದ ನಡದದ. ಟೆಂಪರೇಚರ್ ಒಂದು ಡಿಗ್ರಿ ಅಲಗಾಡಿಲ್ಲ."

"ಅದೇ ಸರ್," ಎಂದಳು. ಓಡಿ ಬಂದದ್ದಕ್ಕೆ ದನಿ ಒಡೆದಿತ್ತು. "ಅಲಗಾಡಬೇಕಿತ್ತು. ಇಪ್ಪತ್ನಾಕು ನಿಮಿಷ ಆತು. ಅದು ಶುರುನೇ ಆಗಿಲ್ಲ. ಹಾಕಿದ್ದೆಲ್ಲಾ ಹಂಗೇ ಒಳಗ ಕುಂತದ."

ಕುಲಕರ್ಣಿಯವರಿಗೆ ಇಪ್ಪತ್ತೆರಡು ವರ್ಷದ ಅನುಭವ. ಅರ್ಥವಾಗಲು ಅರ್ಧ ನಿಮಿಷವೂ ಬೇಕಾಗಲಿಲ್ಲ. ಅವರ ಕಣ್ಣು ಪರದೆಯ ಕೆಳ ಅಂಚಿಗೆ ಹೋಯಿತು. ರಿಯಾಕ್ಟರಿನ ಹೊರಗವಚದಲ್ಲಿ ಬಿಸಿನೀರು ಹರಿಯುತ್ತಿತ್ತು. ಒಳಗೆ 42 ಡಿಗ್ರಿ ಇರಬೇಕಿತ್ತು, 38 ಮಾತ್ರ ಇದೆ ಎಂದು ಯೋಜಕ ಅದನ್ನು ಕಾಯಿಸತೊಡಗಿತ್ತು. ಬಿಸಿ ಮಿತಿಮೀರಿದರೆ ಬ್ರೋಮೈಡ್ ನಿಲ್ಲಿಸಲು ಅದಕ್ಕೆ ಕಲಿಸಿದ್ದರು. ಬಿಸಿಯೇ ಆಗದಿದ್ದರೆ ನಿಲ್ಲಿಸಬೇಕೆಂದು ಯಾರೂ ಕಲಿಸಿರಲಿಲ್ಲ.

ಅವರ ಕೈ ಎಲ್ಲವನ್ನೂ ಒಮ್ಮೆಲೇ ನಿಲ್ಲಿಸುವ ಗೋಡೆಯ ಕೆಂಪು ಗುಂಡಿಯ ಕಡೆ ಹೋಗಿ, ನಡುವೆಯೇ ನಿಂತಿತು.

"ಬ್ಯಾಡ ಸರ್."

"ಹೌದು. ಕಲಕೋ ಸ್ಟರರ್ ನಿಂದರ್ತದ, ತಣ್ಣೀರಿನ ಪಂಪೂ ನಿಂದರ್ತದ. ಎಲ್ಲಾ ತಳಕ್ಕ ಕೂತು ಆಮ್ಯಾಲೆ ಎದ್ರ..." ಮಾತು ಮುಗಿಸದೆ ಕೈ ಹಿಂದೆಗೆದುಕೊಂಡರು. "ಬ್ರೋಮೈಡ್ ಒಂದೇ ನಿಲ್ಲಿಸಬೇಕು. ಆದ್ರ ಅದಕ್ಕ ಗುಂಡಿ ಎಲ್ಲದ?"

ಗುಂಡಿ ಇರಲಿಲ್ಲ. ಹಳೆಯ ರಿಯಾಕ್ಟರಿನ ಕೈಚಕ್ರಗಳನ್ನು ಹೊಸದರಲ್ಲಿ ಕೊಟ್ಟಿರಲಿಲ್ಲ. ನಡೆಯುತ್ತಿರುವ ಕೆಲಸದ ನಡುವೆ ಮನುಷ್ಯರು ಏನಾದರೂ ಹೇಳಬೇಕಿದ್ದರೆ ಮೂವತ್ತೆಂಟರಲ್ಲಿ ಒಂದನ್ನು ಆರಿಸಬೇಕು. ಶೀಲವಂತಿ ಪಟ್ಟಿಯನ್ನು ಮೇಲಿನಿಂದ ಕೆಳಗೆ ಓದಿದಳು. ಪ್ರತಿ ಹೆಸರೂ ಅವಳಿಗೆ ಬಾಯಿಪಾಠವಾಗಿತ್ತು. ಶೇಕಡಾ 33.

ಹಾಕುವುದನ್ನು ತಡೆಯುವ ಕೆಲಸ ಅದರಲ್ಲಿ ಒಂದೇ ಒಂದು ಇತ್ತು: ಮಾದರಿ ತೆಗೆಯುವುದು. ಮಾದರಿ ತೆಗೆಯುವವನ ಮೈಮೇಲೆ ಸಿಡಿಯಬಾರದೆಂದು ಆ ಹೊತ್ತು ಎಲ್ಲ ವಾಲ್ವು ಮುಚ್ಚಿ, ಹೊರಗವಚಕ್ಕೆ ತಣ್ಣೀರು ಬಿಡುತ್ತಿತ್ತು ಯೋಜಕ. ಲ್ಯಾಬಿನ ಫಲಿತಾಂಶ ಬರೆಯುವ ತನಕ ಹಾಗೇ ತಡೆದಿಡುತ್ತಿತ್ತು. ಆದರೆ ಅದಕ್ಕೊಂದು ಷರತ್ತು. ಆಪರೇಟರ್ ಸ್ವತಃ ಮೇಲೆ ಹತ್ತಿ, ರಿಯಾಕ್ಟರಿನ ಬಾಯಿಯ ಪಕ್ಕದ ಫಲಕಕ್ಕೆ ತನ್ನ ಕಾರ್ಡು ಹಚ್ಚಬೇಕು. ಹಚ್ಚುವವರೆಗೆ ಕೆಲಸ ಶುರುವಾಗದು, ಬ್ರೋಮೈಡೂ ನಿಲ್ಲದು. ಆ ರಿಯಾಕ್ಟರಿಗೆ ಎರಡೇ ಕಾರ್ಡುಗಳು. ಒಂದು ರಜೆಯ ಮೇಲಿದ್ದವನದು.

ಕುಲಕರ್ಣಿ ಅವಳ ಕಡೆ ನೋಡಿದರು. "ನಾ ಹೇಳಂಗಿಲ್ಲ ಮೇಡಂ," ಎಂದರು. "ನನ್ನ ಬಾಯಿಲೆ ಬರಂಗಿಲ್ಲ."

ಅವಳು ವಾಕಿಟಾಕಿ ತೆಗೆದುಕೊಂಡಳು. ಗುಂಡಿ ಒತ್ತಿದಳು.

"ರೀ. ಕೇಳಸ್ಲತ್ತದೇನು?"

"ಓಹೋ, ಮೇಡಂ," ಎಂದಿತು ಝರೆಪ್ಪನ ದನಿ. "ಊಟದ ಡಬ್ಬಿ ತಂದಿರೋ, ಮೌಲಾ ಚಾಚಾನ ಮನ್ಯಾಗೇ ತಿಂದು ಬಂದಿರೋ? ಗೇಟಿನವ ಹೇಳ್ದ..."

"ಅದು ಎದ್ದಿಲ್ಲ. ಮೂವತ್ಮೂರು ಪರ್ಸೆಂಟ್ ಒಳಗ ಹೋಗ್ಯದ. ಎದ್ದಿಲ್ಲ."

"ನಾನೂ ನೋಡ್ಲತ್ತಿದ್ದೆ," ಎಂದ, ದನಿ ತಗ್ಗಿಸಿ. "ಕಂಡೆನ್ಸರಿನ ಕಾಜು ಒಣಾ ಅದ. ಹೊಸ ಪದ್ಧತಿ ಹಿಂಗೇ ಇರ್ಬೇಕು ಅನ್ಕೊಂಡೆ."

"ಮ್ಯಾಲೆ ಹೋಗಿ ಕಾರ್ಡ್ ಹಚ್ಚಬೇಕು. ಮಾದರಿ ತೆಗಿಬ್ಯಾಡ್ರಿ. ಏನೂ ತೆರೀಬ್ಯಾಡ್ರಿ. ಹಚ್ಚಿ, ಇಳದು, ಓಡ್ರಿ."

"ಇಲ್ಲಿ ನಾಕು ಮಂದಿ ಅದಾರ."

"ಹೊತ್ತಿಲ್ಲ."

"ನಾಕು ಮಂದಿ ಅದಾರ ಶೀಲಾ. ಒಂದು ನಿಮಿಷ."

ಆ ಒಂದು ನಿಮಿಷ ಅವಳು ಪರದೆ ನೋಡುತ್ತ ನಿಂತಳು. 34. ಕ್ಯಾಮರಾದ ಚಿತ್ರದಲ್ಲಿ ನೀಲಿ ಟೊಪ್ಪಿಗೆಯ ನಾಲ್ವರು ಬಾಗಿಲ ಕಡೆ ಓಡುವುದು ಕಂಡಿತು. ಒಬ್ಬ ತಿರುಗಿ ಬಂದು ಏನೋ ಕೇಳಿದ. ಝರೆಪ್ಪ ಅವನ ಹೆಗಲು ಹಿಡಿದು ಹೊರಕ್ಕೆ ತಳ್ಳಿದ. 35. ಅವನು ಕಬ್ಬಿಣದ ಏಣಿಮೆಟ್ಟಿಲು ಹತ್ತತೊಡಗಿದ. ಇಪ್ಪತ್ತಾರು ಮೆಟ್ಟಿಲು. ಹತ್ತೊಂಬತ್ತು ವರ್ಷ ಒಟ್ಟಿಗೆ ಬದುಕಿದರೂ ಆ ಮನುಷ್ಯ ಮೆಟ್ಟಿಲು ಹತ್ತುವಾಗ ಎಡಗೈಯಿಂದ ಮೊಣಕಾಲು ಒತ್ತಿಕೊಳ್ಳುತ್ತಾನೆಂದು ಅವಳು ಗಮನಿಸಿರಲಿಲ್ಲ. ಯಾವಾಗಿನಿಂದ ನೋವಿತ್ತೋ. 36. ಈಗಲೇ ಎದ್ದರೆ ಎಂದು ಯೋಚನೆ ಬಂತು. ಈಗ, ಇವನು ಅದರ ಬಾಯಿಯ ಪಕ್ಕ ನಿಂತಾಗ.

2.06. 'ಮಾದರಿ ತೆಗೆಯುವುದು: ಆರಂಭ. ಆಪರೇಟರ್ ಝರೆಪ್ಪ.' ಬ್ರೋಮೈಡ್ 37ಕ್ಕೆ ನಿಂತಿತು. ಹೊರಗವಚದ ಬಿಸಿನೀರು ಹೋಗಿ ತಣ್ಣೀರು ಬಂತು.

"ನಿಂತದ," ಎಂದಳು ವಾಕಿಟಾಕಿಯಲ್ಲಿ. "ಇಳೀರಿ. ಇಳೀರಿ."

ಅವನು ಇಳಿಯುತ್ತಿದ್ದ. ನಿಧಾನವಾಗಿ ಇಳಿಯುತ್ತಿದ್ದ, ಅಥವಾ ಅವಳಿಗೆ ಹಾಗೆ ಕಂಡಿತು. ಒಳಗಿನ ಉಷ್ಣತೆ 38. ತಣ್ಣೀರಿಗೆ 37 ಆಯಿತು. ಕುಲಕರ್ಣಿ ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಅಂಕಿ ಮತ್ತೆ 38 ಆಯಿತು.

39.

"ಎದ್ದದ," ಎಂದಳು ಶೀಲವಂತಿ.

41. 46. 53. ಅಂಕಿಗಳು ಬದಲಾಗುವುದು ಕಣ್ಣಿಗೆ ನಿಲುಕದಾಯಿತು. ಝರೆಪ್ಪ ಕೊನೆಯ ಮೆಟ್ಟಿಲಿನಿಂದ ಕ್ಯಾಮರಾದ ಚೌಕಟ್ಟಿನ ಹೊರಗೆ ಹೋದ. 66 ಡಿಗ್ರಿಗೆ ಸಾಲ್ವೆಂಟ್ ಕುದಿಯುತ್ತದೆ. 66 ಆಗಿ ಅಲ್ಲಿ ನಿಂತಿತು. ಒತ್ತಡದ ಅಂಕಿ ಏರತೊಡಗಿತು. ಆವಿಯನ್ನು ಮರಳಿ ದ್ರವವಾಗಿಸುವ ಕಂಡೆನ್ಸರಿನ ಶಕ್ತಿ ಮುಗಿಯಿತು. 2.11ಕ್ಕೆ, ಒತ್ತಡ ಮೀರಿದರೆ ಒಡೆಯಲೆಂದೇ ಕೂರಿಸಿದ್ದ ಲೋಹದ ಬಿಲ್ಲೆ ಒಡೆಯಿತು. ಕಂಟ್ರೋಲ್ ರೂಮಿನ ಗಾಜು ಚೌಕಟ್ಟಿನಲ್ಲಿ ನಡುಗಿತು. ಸೈರನ್ ಹೊಡೆಯತೊಡಗಿತು. ಪ್ಲಾಂಟಿನ ಹಿಂದಿನ ತೊಟ್ಟಿಯ ಕಡೆಯಿಂದ ಬಿಳಿಯ ಹೊಗೆಯಂಥ ಆವಿ ಎದ್ದು ಬೇಲಿಯ ಮೇಲೆ ಹರಡಿತು. ಕಿಡಿಯೊಂದು ಸಿಕ್ಕಿದ್ದರೆ ಆ ಆವಿ ಹೊತ್ತಿಕೊಳ್ಳುತ್ತಿತ್ತು. ಸಿಗಲಿಲ್ಲ.

ವಾಕಿಟಾಕಿಯಲ್ಲಿ ಅವಳು ಕರೆಯುತ್ತಲೇ ಇದ್ದಳು. ಉತ್ತರ ಬರಲು ಒಂಬತ್ತು ನಿಮಿಷ ಹಿಡಿಯಿತು. ಅದೂ ಬೇರೊಬ್ಬನ ದನಿ. "ಮೇಡಂ, ಅಣ್ಣ ಸಿಕ್ಕಾನ. ಗಟಾರದಾಗ ಬಿದ್ದಾನ. ಕೈ ಮುರದದ. ಜೀವಂತ ಅದಾನ."

ಬ್ರೋಮೈಡ್ ಎಲ್ಲವೂ ಒಳಗೆ ಹೋದ ಮೇಲೆ ಎದ್ದಿದ್ದರೆ ಬಿಲ್ಲೆ ಒಡೆದರೂ ಸಾಲುತ್ತಿರಲಿಲ್ಲ, ಪಾತ್ರೆಯೇ ಸೀಳುತ್ತಿತ್ತು ಎಂದು ಕುಲಕರ್ಣಿ ಕಾಗದದ ಮೇಲೆ ಲೆಕ್ಕ ಮಾಡಿ ತೋರಿಸಿದರು.

ನಾಲ್ಕು ಗಂಟೆಗೆ ಯೋಜಕದ ವರದಿ ಬಂತು. ಕಂಪನಿಯ ಪ್ರಥಮ ಚಿಕಿತ್ಸೆಯ ಕೋಣೆಯಲ್ಲಿ ಝರೆಪ್ಪ ಮಣಿಕಟ್ಟಿಗೆ ಪಟ್ಟಿ ಸುತ್ತಿಸಿಕೊಂಡು, ದೊಡ್ಡ ಆಸ್ಪತ್ರೆಗೆ ಒಯ್ಯುವ ಗಾಡಿಗಾಗಿ ಮಲಗಿದ್ದ. ಕಿವಿಯಲ್ಲಿ ಗುಂಯ್ ಎನ್ನುತ್ತಿದೆ ಎಂದು ಆಗಾಗ ತಲೆ ಕೊಡವುತ್ತಿದ್ದ. ಕುಲಕರ್ಣಿ ಟ್ಯಾಬ್ಲೆಟ್ ಹಿಡಿದು ಬಾಗಿಲಲ್ಲಿ ನಿಂತರು.

"ಓದ್ರಿ ಮೇಡಂ."

ಅವಳು ಓದಿದಳು. 'ಬ್ರೋಮೈಡ್ ಹಾಕುವುದು: ಸಹಜ. ಉಷ್ಣತೆ: ಸ್ಥಿರ. ಘಟನೆಗೆ ಮುಂಚಿನ ಕೊನೆಯ ಕೆಲಸ: ಅನಗತ್ಯ ಮಾದರಿ, ಆಪರೇಟರ್ ಝರೆಪ್ಪ, 2.06. ಕಾರಣ: ಆಪರೇಟರ್ ಹಸ್ತಕ್ಷೇಪ. ಪರಿಹಾರ: ಹಾಕುವ ಹಂತದಲ್ಲಿ ಮಾದರಿಯ ಅವಕಾಶ ತೆಗೆಯಲಾಗುವುದು. ಈ ತಿದ್ದುಪಡಿ ಸಂಜೆ ಐದಕ್ಕೆ ಹದಿಮೂರು ಘಟಕಗಳಿಗೂ ಅನ್ವಯ.'

"ನನ್ನ ಹೆಸರು ಬಂದದಾ?" ಝರೆಪ್ಪ ನಗಲು ನೋಡಿದ. "ಜೋರಾಗಿ ಓದು, ಕಿವಿ ಕೇಳಸ್ತಿಲ್ಲ."

ಅವಳು ಓದಲಿಲ್ಲ. "ಸರ್, ಇದನ್ನ ತಿದ್ರಿ."

"ನಾ ಟಿಪ್ಪಣಿ ಬರೀಬಹುದು. ಬರದೀನಿ. ಟಿಪ್ಪಣಿ ಅದು ಓದಂಗಿಲ್ಲ ಮೇಡಂ. ಅದು ಓದೋದು ಆಪರೇಷನ್ ಮಾತ್ರ. ಮ್ಯಾಲಿನವ್ರಿಗೆ ಫೋನ್ ಮಾಡ್ದೆ, ನಾಳಿ ಮೀಟಿಂಗ್ ಅಂದ್ರು."

"ಐದಕ್ಕ ಆ ಒಂದು ದಾರೀನೂ ಮುಚ್ಚತದ."

"ಹೌದು."

ಮೂಲ ದಾಖಲುಗಾರರಿಗೆ ಒಂದು ಹಕ್ಕಿತ್ತು. ತಮ್ಮ ಸಾಲು ತಪ್ಪೆಂದು ಕಂಡರೆ ಯಾರ ಅನುಮತಿಯೂ ಇಲ್ಲದೆ ಅದನ್ನು ಹಿಂದಕ್ಕೆ ಪಡೆಯಬಹುದು. ಪಡೆದರೆ ಆ ಸಾಲನ್ನು ಆಧರಿಸಿದ ಯಾವ ಹೊಸ ಬ್ಯಾಚನ್ನೂ ಯಾವ ಘಟಕವೂ ಶುರು ಮಾಡುವಂತಿಲ್ಲ. ನಾಲ್ಕು ವರ್ಷದಲ್ಲಿ ಯಾರೂ ಅದನ್ನು ಬಳಸಿರಲಿಲ್ಲ, ಯಾಕೆಂದರೆ ತಪ್ಪು ದಾಖಲೆ ಮಾಡಿದೆನೆಂದು ಸಹಿ ಹಾಕಿದವರು ಮತ್ತೆ ಯಾವ ಔಷಧ ಕಾರ್ಖಾನೆಯ ದಾಖಲೆಯನ್ನೂ ಮುಟ್ಟುವಂತಿಲ್ಲ.

ತನ್ನ ಮೇಜಿಗೆ ಬಂದು ಆ ಪುಟ ತೆರೆದಳು. ಯೋಜಕ ಕೇಳಿತು: ಹಿಂದಕ್ಕೆ ಪಡೆಯುವ ಬ್ಯಾಚುಗಳು ಎಷ್ಟು?

ಬ್ರೋಮೈಡಿನವು ಇನ್ನೂರ ಹನ್ನೆರಡು. ಆ ಅಂಕಿ ಒತ್ತಲು ಹೋದವಳು ನಿಂತಳು. ಚೀಟಿಗಳು ಒಂದೊಂದಾಗಿ ಕಣ್ಣ ಮುಂದೆ ಬಂದವು. ಸೋಸುವ ಮುಂಚೆ ಮಾಯವಾದ ಒಂದು ಗಂಟೆ. ಯಾರೋ ನಮಾಜಿಗೆ ಹೋಗಿರಬೇಕೆಂದುಕೊಂಡಿದ್ದಳು. ಆಸಿಡ್ ಹಾಕುವಾಗ ಮೂರು ಸಲ ಹತ್ತು ಹತ್ತು ನಿಮಿಷ, ಬೀಡಿ ಇರಬೇಕು ಎಂದು. ತಣಿಸಿದ ಮೇಲೆ ಒಂದಿಡೀ ಪಾಳಿ. ಆ ದಿನ ಯಾರದೋ ಮದುವೆ ಇತ್ತೆಂದು ಯಾರೋ ಹೇಳಿದ ನೆನಪು. ಪ್ರತಿಯೊಂದಕ್ಕೂ ತಾನೇ ಒಂದು ಕಾರಣ ಕೊಟ್ಟುಕೊಂಡು ಬಿಟ್ಟಿದ್ದಳು. ಅವುಗಳಲ್ಲಿ ನಿಜವಾದ ಬೀಡಿ ಯಾವುದು, ಬೀಡಿಯ ಹೆಸರಿನಲ್ಲಿ ಯಾರೋ ಕಾವಲು ಕೂತದ್ದು ಯಾವುದು, ಅವಳಿಗೆ ಗೊತ್ತಿರಲಿಲ್ಲ. ಬರೆದವರಲ್ಲಿ ಅರ್ಧದಷ್ಟು ಜನ ಈಗ ಬದುಕಿರಲಿಲ್ಲ.

6240 ಎಂದು ಒತ್ತಿದಳು. ಸಹಿಯ ಜಾಗಕ್ಕೆ ಹೆಬ್ಬೆರಳು ಇಟ್ಟಳು. ಗಡಿಯಾರದಲ್ಲಿ 4.31.

ಹದಿಮೂರು ಘಟಕಗಳ ಪಟ್ಟಿ ತೆರೆದುಕೊಂಡಿತು. ಒಂದರ ಹಿಂದೆ ಒಂದು ಹೆಸರು ಬೂದು ಬಣ್ಣಕ್ಕೆ ತಿರುಗಿತು. ನಿಂತಿದೆ, ನಿಂತಿದೆ, ನಿಂತಿದೆ. ಹನ್ನೆರಡು ಬೂದಾದವು. ಮೈಸೂರಿನ ಕಡೆಯ ಒಂದು ಘಟಕ ಮಾತ್ರ ಹಸಿರಾಗಿಯೇ ಉಳಿಯಿತು. ಅದರ ಮುಂದೆ ಯೋಜಕ ಬರೆಯಿತು: 'ಈಗಾಗಲೇ ಆರಂಭವಾದ ಬ್ಯಾಚನ್ನು ಹಿಂದಕ್ಕೆ ಪಡೆಯಲಾಗದು. ಬ್ರೋಮೈಡ್ ಹಾಕುವುದು, ಆರಂಭ 4.22. ರಿಯಾಕ್ಟರ್: ಹೊಸದು.' ಉಷ್ಣತೆಯ ಗೆರೆ ಅಳತೆಪಟ್ಟಿ ಇಟ್ಟು ಎಳೆದಂತೆ ನೇರವಾಗಿತ್ತು.

ಅಲ್ಲಿನ ಕಂಟ್ರೋಲ್ ರೂಮಿನ ನಂಬರ್ ಹುಡುಕಿ ಮೇಜಿನ ಫೋನಿನಲ್ಲಿ ಒತ್ತಿದಳು. ರಿಂಗಾಯಿತು. ಹನ್ನೊಂದು ಸಲ ರಿಂಗಾಗಿ ಕಡಿಯಿತು. ಮತ್ತೆ ಒತ್ತಿದಳು. ಆರನೇ ರಿಂಗಿಗೆ ಯಾರೋ ಎತ್ತಿದರು. ಹೆಂಗಸಿನ ದನಿ, ಅವಸರವಿಲ್ಲದ್ದು.

"ಹಲೋ, ಯಾರು ಬೇಕಿತ್ತು ಮೇಡಂ?"

ಎಲ್ಲಿಂದ ಶುರು ಮಾಡಬೇಕೆಂದು ತಿಳಿಯದೆ ಶೀಲವಂತಿ ಒಂದು ಉಸಿರು ತೆಗೆದುಕೊಂಡಳು.

"ನಿಮ್ಮ ಹೊಸ ರಿಯಾಕ್ಟರ್ ಹತ್ತಿರ ಈಗ ಯಾರಿದ್ದಾರೆ?" ಎಂದು ಕೇಳಿದಳು. "ಅವರ ಹೆಸರು ಹೇಳಿ. ಅವರನ್ನು ವಾಕಿಟಾಕಿಯಲ್ಲಿ ಕರೆಯಿರಿ, ನಾನು ಹೇಳಿದ ಹಾಗೆ ಹೇಳಿ. ಫೋನ್ ಇಡಬೇಡಿ."